ದಡಾರದ ಅನುಮಾನವೇ? ಬಾಗಿಲಲ್ಲೇ ಹೇಳಿ

ಮಗುವಿನ ಮೈ ಕೆಂಡದಂತೆ ಸುಡುತ್ತಿದೆ, ಮುಖದ ತುಂಬ ಕೆಂಪು ಗಂಧೆ. ಗಾಬರಿಗೊಂಡ ತಂದೆತಾಯಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡುತ್ತಾರೆ. ಚೀಟಿ ಮಾಡಿಸಿ, ಜನರ ನಡುವೆ ಬೆಂಚಿನ ಮೇಲೆ ಕೂರುತ್ತಾರೆ. ಪಕ್ಕದಲ್ಲೇ ಆರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡ ಇನ್ನೊಬ್ಬ ತಾಯಿ. ಆ ಗಂಧೆ ದಡಾರದ್ದಾಗಿದ್ದರೆ, ಅಪಾಯ ಈಗ ಇಬ್ಬರು ಮಕ್ಕಳಿಗೆ!

ದಡಾರದಷ್ಟು ವೇಗವಾಗಿ ಹರಡುವ ಕಾಯಿಲೆಗಳು ಕಡಿಮೆ. ರೋಗಿ ಕೆಮ್ಮಿದಾಗ ಹೊರಬಿದ್ದ ವೈರಾಣು, ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ರೋಗನಿರೋಧಕ ಶಕ್ತಿಯಿಲ್ಲದ 10 ಮಂದಿ ಹತ್ತಿರವಿದ್ದರೆ 9 ಮಂದಿಗೆ ತಗಲಬಹುದು. ಗಂಧೆ ಏಳುವ 4 ದಿನ ಮುಂಚಿನಿಂದ, ಎದ್ದ 4 ದಿನಗಳ ನಂತರದವರೆಗೂ ಅದು ಹರಡುತ್ತದೆ.

ಗುರುತಿಸುವುದು ಹೇಗೆ? ಮೊದಲು ಜೋರು ಜ್ವರ, ಕೆಮ್ಮು, ನೆಗಡಿ, ನೀರು ಸುರಿಯುವ ಕೆಂಪು ಕಣ್ಣು. ಕೆಲವು ಮಕ್ಕಳ ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿರುತ್ತವೆ. 1896ರಲ್ಲಿ ಇವುಗಳ ಬಗ್ಗೆ ಬರೆದ ನ್ಯೂಯಾರ್ಕಿನ ವೈದ್ಯ ಹೆನ್ರಿ ಕಾಪ್ಲಿಕ್ ಅವರ ಹೆಸರೇ ಅವಕ್ಕೆ ಉಳಿದಿದೆ. ಮೂರ್ನಾಲ್ಕು ದಿನಗಳಲ್ಲಿ ಕಿವಿಯ ಹಿಂದೆ, ಹಣೆಯಂಚಿನಲ್ಲಿ ಗಂಧೆ ಕಾಣಿಸಿಕೊಂಡು ಮೈಗೆಲ್ಲ ಇಳಿಯುತ್ತದೆ. ಸೀತಾಳೆ ಸಿಡುಬಿನಂತೆ ಇದರಲ್ಲಿ ನೀರುಗುಳ್ಳೆಗಳಿರುವುದಿಲ್ಲ.

ಹೀಗಿದ್ದರೆ ಹೊರಡುವ ಮುನ್ನವೇ ಆಸ್ಪತ್ರೆಗೆ ಫೋನ್ ಮಾಡಿ. ಆಗದಿದ್ದರೆ ಮಗುವಿನೊಂದಿಗೆ ಒಬ್ಬರು ಹೊರಗೇ ನಿಂತು, ಇನ್ನೊಬ್ಬರು ಒಳಗೆ ಹೋಗಿ "ಜ್ವರ, ಗಂಧೆ ಇದೆ" ಎಂದು ನರ್ಸ್‌ಗೆ ತಿಳಿಸಿ. ಮಾಸ್ಕ್ ಹಾಕಿಕೊಳ್ಳಬಲ್ಲ ಮಗುವಾದರೆ ಹಾಕಿಸಿ. ಮಗುವನ್ನು ಬಾಗಿಲು ಮುಚ್ಚಿದ ಪ್ರತ್ಯೇಕ ಕೋಣೆಗೆ ಕರೆದೊಯ್ದರೆ ಬೇಸರಿಸಬೇಡಿ. ಅದು ಉಳಿದ ಮಕ್ಕಳ ರಕ್ಷಣೆಗಾಗಿ.

ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ದಡಾರಕ್ಕಿಲ್ಲ. ಸತತ ಎರಡು ದಿನ ವಿಟಮಿನ್ 'ಎ' ಕೊಡುತ್ತಾರೆ. ಇದು ಕಣ್ಣಿನ ದೃಷ್ಟಿಯನ್ನೂ ಜೀವವನ್ನೂ ಕಾಪಾಡಬಲ್ಲದು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಅದರ ಜೊತೆಗೆ ನೀರು, ಆಹಾರ, ಎದೆಹಾಲು ನಿಲ್ಲಿಸಬಾರದು. ಮಗು ಏದುಸಿರು ಬಿಡುತ್ತಿದ್ದರೆ, ಏನೂ ಕುಡಿಯದಿದ್ದರೆ, ಮಂಕಾಗಿ ಮಲಗಿದ್ದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ತಡ ಬೇಡ. ದಡಾರದಿಂದ ನ್ಯುಮೋನಿಯಾ, ಮಿದುಳಿನ ಉರಿಯೂತ ಬರಬಹುದು. "ಅಮ್ಮ ಬಂದಿದ್ದಾಳೆ" ಎಂದು ಬೇವಿನ ಸೊಪ್ಪು ಇಡುವ ಹಿರಿಯರ ನಂಬಿಕೆ ಅವರಿಗಿರಲಿ. ಆಸ್ಪತ್ರೆಗೆ ಹೋಗುವುದು ಮಾತ್ರ ತಪ್ಪದಿರಲಿ.

ರೋಗಿಯ ಹತ್ತಿರವಿದ್ದ, ಲಸಿಕೆಯಾಗದ ಮಕ್ಕಳಿಗೆ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು. ಎಳೆಗೂಸು, ಗರ್ಭಿಣಿಯರಿದ್ದರೆ ವೈದ್ಯರಿಗೆ ತಕ್ಷಣ ತಿಳಿಸಿ. ಅವರಿಗೆ 6 ದಿನದೊಳಗೆ ಕೊಡಬಹುದಾದ ಬೇರೆ ಚುಚ್ಚುಮದ್ದಿದೆ.

ದಡಾರ-ರುಬೆಲ್ಲಾ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಇಂದೇ ಮನೆಯ ತಾಯಿ ಕಾರ್ಡ್ ತೆಗೆದು ನೋಡಿ, ಎರಡೂ ಡೋಸ್‌ಗಳ ಮುಂದೆ ತಾರೀಖು ಬರೆದಿದೆಯೇ?