ಲೇತಿನ ಹಿಡಿಕೆಯಿಂದ ಗಣಕದ ಕೀಲಿಮಣೆಗೆ

ಚಿಕ್ಕಬಾಣಾವರದ ಅನೇಕ ಮನೆಗಳ ಒಲೆ ಉರಿಯುವುದು ಸಮೀಪದ ಪೀಣ್ಯದ ದುಡಿಮೆಯಿಂದ. 1970ರ ದಶಕದಿಂದ ಬೆಳೆದುಬಂದ ಆ ಕೈಗಾರಿಕಾ ಪ್ರದೇಶದಲ್ಲಿ ಟರ್ನರ್, ಫಿಟ್ಟರ್ ಎನಿಸಿಕೊಂಡವನಿಗೆ ಗೌರವವಿತ್ತು. ಲೇತಿನ ಹಿಡಿಕೆಯನ್ನು ಎಷ್ಟು ತಿರುಗಿಸಬೇಕೆಂಬುದು ಅವನ ಬೆರಳಿಗೇ ತಿಳಿದಿತ್ತು. ಆ ವಿದ್ಯೆ ಒಮ್ಮೆ ಕೈಗೂಡಿದರೆ ಜೀವಮಾನದ ಅನ್ನಕ್ಕೆ ಚಿಂತೆಯಿರಲಿಲ್ಲ.

ಈಗ ಆ ಹಿಡಿಕೆಯ ಕೆಲಸವನ್ನು ಗಣಕವೇ ಮಾಡುತ್ತದೆ. ಸಿ.ಎನ್.ಸಿ. ಯಂತ್ರವು ಬರೆದುಕೊಟ್ಟ ಆದೇಶದಂತೆ ಒಂದೇ ಅಳತೆಯ ಬಿಡಿಭಾಗಗಳನ್ನು ಬೇಸರವಿಲ್ಲದೆ ಕಡೆದುಕೊಡುತ್ತದೆ. ಒಬ್ಬನೇ ಎರಡು ಮೂರು ಯಂತ್ರಗಳನ್ನು ನೋಡಿಕೊಳ್ಳಬಲ್ಲ. ಹಾಗಾದರೆ ಮಿಕ್ಕವರ ಗತಿಯೇನು? ಗೃಹಸ್ಥರ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ನೆರೆಯ ಜಾಲಹಳ್ಳಿಯ ನಿದರ್ಶನವನ್ನೇ ನೋಡೋಣ. 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಕೆಗೆ ತೊಡಗಿತು. ಕೀಲಿ ಕೊಡುವ ಗಡಿಯಾರದ ಹಲ್ಲುಚಕ್ರಗಳನ್ನು ಕೂಡಿಸುವುದು ಅತಿ ನಾಜೂಕಿನ ಕೆಲಸ. ಕ್ವಾರ್ಟ್ಜ್ ಗಡಿಯಾರಗಳು ಪೇಟೆಯನ್ನು ತುಂಬಿದಾಗ ಆ ನೈಪುಣ್ಯದ ಬೇಡಿಕೆಯೇ ಕುಗ್ಗಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತು. ದುಡಿದವರ ಕೈಯಲ್ಲಿ ದೋಷವಿರಲಿಲ್ಲ. ಆದರೆ ಕಾಲ ಬದಲಾದಾಗ ಪಳಗಿದ ಕೈಯೊಂದೇ ಮನೆಯನ್ನು ಕಾಯಲಾರದು.

ಹಾಗೆಂದು ಧೈರ್ಯಗೆಡಬೇಕಾಗಿಲ್ಲ. ಕೊಟ್ಟ ಆದೇಶವೇ ತಪ್ಪಾಗಿದ್ದರೆ ಯಂತ್ರವು ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ. ನಕ್ಷೆಯನ್ನು ಓದುವುದು, ಮೈಕ್ರೋಮೀಟರಿನಿಂದ ಅಳೆಯುವುದು, ಸವೆದ ಟೂಲನ್ನು ಗುರುತಿಸಿ ಬದಲಿಸುವುದು ಇಂದಿಗೂ ಮನುಷ್ಯನ ಅರಿವನ್ನು ಬೇಡುವ ಕೆಲಸಗಳೇ. ಕಡೆಯುವಾಗಿನ ಸದ್ದಿನಿಂದಲೇ ದೋಷವನ್ನರಿಯುವ ಹಳೆಯ ಟರ್ನರನಿಗೆ ಗಣಕದ ಪಾಠವೂ ದೊರೆತರೆ, ಪುಸ್ತಕ ಮಾತ್ರ ಬಲ್ಲ ಹೊಸಬನಿಗಿಂತ ಅವನೇ ಮೇಲು.

ಕಲಿಯುವ ದಾರಿಗಳೂ ತೆರೆದಿವೆ. ರಾಜಾಜಿನಗರದ ಜಿ.ಟಿ.ಟಿ.ಸಿ.ಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ಇದೆ. ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿದ ರಾಜ್ಯದ 150 ಐ.ಟಿ.ಐ.ಗಳು 2022ರಲ್ಲಿ ಲೋಕಾರ್ಪಣೆಗೊಂಡವು. ಆದರೂ ಐ.ಟಿ.ಐ. ಎಂದೊಡನೆ ಮೂಗು ಮುರಿದು, ಸಾಲ ಮಾಡಿಯಾದರೂ ಮಕ್ಕಳನ್ನು ಎಂಜಿನಿಯರಿಂಗಿಗೇ ಸೇರಿಸುವ ಹಟ ನಮ್ಮ ಮನೆಗಳಲ್ಲಿದೆ. ಕಾಯಕದಲ್ಲಿ ಮೇಲುಕೀಳನ್ನು ಎಣಿಸದ ಶರಣರ ಪರಂಪರೆಯವರಿಗೆ ಇದು ಶೋಭಿಸದು. ಮಗನಿಗಾಗಲಿ ಮಗಳಿಗಾಗಲಿ ಒಲವಿದ್ದರೆ ಕೈಗಸುಬನ್ನು ಕಲಿಯಲಿ.

ಕಾರ್ಖಾನೆಯ ಒಡೆಯರಾದ ಸದ್ಭಕ್ತರಲ್ಲಿಯೂ ನಮ್ಮದೊಂದು ವಿನಂತಿ. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ತೊಡಗಿಸುವಾಗ, ಹಳೆಯ ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತವನ ಕಲಿಕೆಗಾಗಿ ಕೆಲವು ತಿಂಗಳುಗಳನ್ನಾದರೂ ತೆಗೆದಿರಿಸಿರಿ. ಅವನನ್ನು ಬಿಡಿಸಿ ಹೊಸಬನನ್ನು ತರುವುದು ಸುಲಭ. ಆದರೆ ಅವನ ಮನೆಯ ಒಲೆಯೂ ಉರಿಯಬೇಕಲ್ಲವೇ?