ರಂಧ್ರ ಚಿಕ್ಕದು, ಎಚ್ಚರಿಕೆ ದೊಡ್ಡದಿರಲಿ
ಲ್ಯಾಪರೋಸ್ಕೋಪಿ ಆಪರೇಷನ್ನಿಗೆ ಬಂದಿರುವ ತಾಯಂದಿರಿಗೂ ಅವರ ಮನೆಯವರಿಗೂ

ಗರ್ಭಕೋಶ, ಅಂಡಾಶಯ ಅಥವಾ ಗರ್ಭನಾಳದ ತೊಂದರೆಗೆ ನಿಮಗೆ ಲ್ಯಾಪರೋಸ್ಕೋಪಿ ಆಪರೇಷನ್ ಆಗಲಿದೆ. ಹೊಕ್ಕಳ ಬಳಿ ಹಾಗೂ ಕೆಳಹೊಟ್ಟೆಯಲ್ಲಿ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ರಂಧ್ರ ಮಾಡಿ, ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗೆ ಬಿಟ್ಟು ಇದನ್ನು ಮಾಡುತ್ತಾರೆ. ಗಾಯ ಚಿಕ್ಕದಾದ್ದರಿಂದ ನೋವು ಕಡಿಮೆ, ಮನೆಗೂ ಬೇಗ ಹೋಗಬಹುದು. ಆದರೆ ಅರಿವಳಿಕೆ ಮಾತ್ರ ಚಿಕ್ಕದಲ್ಲ.

ಪೂರ್ಣ ಅರಿವಳಿಕೆ ಏಕೆ?
ಅಂಗಗಳು ಸರಿಯಾಗಿ ಕಾಣಲೆಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಸಿ, ತಲೆಯ ಭಾಗವನ್ನು ತಗ್ಗಿಸುತ್ತಾರೆ. ಇದರಿಂದ ಎದೆಯ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಿ, ಶ್ವಾಸನಾಳಕ್ಕೆ ನಳಿಕೆ ಹಾಕಿ, ಯಂತ್ರದಿಂದ ಉಸಿರಾಡಿಸುತ್ತಾರೆ. ಅರಿವಳಿಕೆ ವೈದ್ಯರು ಕೊನೆಯವರೆಗೂ ನಿಮ್ಮ ನಾಡಿ, ರಕ್ತದೊತ್ತಡ, ಆಮ್ಲಜನಕ ನೋಡುತ್ತಿರುತ್ತಾರೆ.

ಖಾಲಿ ಹೊಟ್ಟೆ ಏಕೆ?
ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಲಘು ಆಹಾರವನ್ನು ಕನಿಷ್ಠ 6 ಗಂಟೆ, ಭಾರಿ ಊಟ ಮತ್ತು ಕರಿದ ತಿಂಡಿಯನ್ನು 8 ಗಂಟೆ ಮೊದಲೇ ನಿಲ್ಲಿಸಬೇಕು. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ನಿಮಗೆ ವೈದ್ಯರು ಹೇಳಿದ ಸಮಯವನ್ನೇ ಪಾಲಿಸಿರಿ. ಹಾಲು ಹಾಕಿದ ಚಹಾ ನೀರಲ್ಲ, ಆಹಾರವೇ.

“ಪಾಪ, ಹಸದಾಳ, ಒಂದೀಟು ಚಹಾ ಕೊಟ್ಟೇನ್ರಿ ಸಿಸ್ಟರ್” ಎಂಬ ಮಾತನ್ನು ವಾರ್ಡಿನಲ್ಲಿ ಕೇಳುತ್ತಲೇ ಇರುತ್ತೇವೆ. ಮನೆಯವರೇ, ದಯವಿಟ್ಟು ಹಾಗೆ ಕೊಡಬೇಡಿರಿ. ಕೊಟ್ಟಿದ್ದರೆ ಮುಚ್ಚಿಡಬೇಡಿರಿ. ನಾವು ಬಯ್ಯುವುದಿಲ್ಲ. ಆಪರೇಷನ್ ಕೆಲವು ಗಂಟೆ ಮುಂದೆ ಹೋಗಬಹುದು, ಅಷ್ಟೆ.

ಮೊದಲೇ ತಿಳಿಸಿರಿ
• ಸಕ್ಕರೆ ಕಾಯಿಲೆ, ಬಿ.ಪಿ., ದಮ್ಮು, ಹೃದ್ರೋಗ. ಸೇವಿಸುತ್ತಿರುವ ಎಲ್ಲ ಮಾತ್ರೆ, ನಾಟಿ ಔಷಧ
• ಔಷಧದ ಅಲರ್ಜಿ, ಹಿಂದಿನ ಅರಿವಳಿಕೆಯಲ್ಲಿ ಆದ ತೊಂದರೆ
• ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು
• ಮುಟ್ಟು ತಪ್ಪಿದ್ದರೆ ಅದನ್ನೂ

ತಾಳಿ, ಕರಡಿಗೆ, ಬಳೆ, ಮೂಗುತಿ, ಕಾಲುಂಗುರ ತೆಗೆದು ಮನೆಯವರ ಕೈಗೆ ಕೊಡಿರಿ. ಆಪರೇಷನ್ನಿನಲ್ಲಿ ವಿದ್ಯುತ್ ಉಪಕರಣ ಬಳಸುವಾಗ ಲೋಹ ತಗುಲಿದಲ್ಲಿ ಚರ್ಮ ಸುಡಬಹುದು. ಆಮ್ಲಜನಕವನ್ನು ಬೆರಳ ತುದಿಯಲ್ಲಿ ಅಳೆಯುವುದರಿಂದ ಉಗುರಿನ ಬಣ್ಣವನ್ನೂ ಅಳಿಸಿರಿ.

ಎಚ್ಚರವಾದ ಮೇಲೆ
ಗಂಟಲು ಕೆರೆತ, ವಾಕರಿಕೆ, ಚಳಿ ಆಗಬಹುದು. ಭುಜ ನೋಯುತ್ತದೆಂದು ಹೆದರಬೇಡಿರಿ. ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಹಾಗಾಗುತ್ತದೆ. ಎರಡು-ಮೂರು ದಿನಗಳಲ್ಲಿ ಕಡಿಮೆಯಾಗುತ್ತದೆ. ಸಿಸ್ಟರ್ ಹೇಳಿದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಯಿರಿ, ಆಸರೆ ಹಿಡಿದು ಓಡಾಡಿರಿ. ಓಡಾಟದಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆಯಾಗುತ್ತದೆ.

ಮನೆಗೆ ಹೋದ ಮೇಲೆ
ನೋವು ದಿನದಿನಕ್ಕೆ ಇಳಿಯಬೇಕು. ಹೊಟ್ಟೆನೋವು ಏರುತ್ತಿದ್ದರೆ, ಹೊಟ್ಟೆ ಉಬ್ಬಿದರೆ, ಜ್ವರ, ನಿಲ್ಲದ ವಾಂತಿ, ಹೆಚ್ಚು ರಕ್ತಸ್ರಾವ, ಮೂತ್ರ ಕಟ್ಟುವುದು, ಗಾಯದಲ್ಲಿ ಕೀವು, ಕಾಲಿನ ಬಾವು ಅಥವಾ ಉಸಿರಾಟದ ತೊಂದರೆ ಕಂಡರೆ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಬನ್ನಿರಿ.

ಸಂಶಯವಿದ್ದರೆ ಕೇಳಿರಿ. ಉತ್ತರ ಹೇಳುವುದೂ ನಮ್ಮ ಶುಶ್ರೂಷೆಯ ಭಾಗವೇ.