ಹಳೆಯ ಜೀಪು ಕೊಳ್ಳುವ ಮುನ್ನ

ಕಾಫಿ ಕೊಯ್ಲು ಮುಗಿದು, ಅಡಿಕೆಯೂ ಮಂಡಿ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಬಂತೆಂದರೆ ನಮ್ಮ ಸಂಘದ ಕಛೇರಿಯ ಜಗಲಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಈ ಸಲ ಒಂದು ಹಳೆ ಗಾಡಿ ತಗೊಳ್ಳೋಣ ಅಂತಿದ್ದೀನಿ, ಯಾವುದು ಆದೀತು?" ಮೂರು ನಾಲ್ಕು ಎಕರೆಯ ಬೆಳೆಗಾರನಿಗೆ ಇದು ಶೋಕಿಯ ಪ್ರಶ್ನೆಯಲ್ಲ. ಗೊಬ್ಬರ ತರಲು, ಫಸಲು ಸಾಗಿಸಲು, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸಲು ವಾಹನ ಬೇಕೇ ಬೇಕು. ಆದರೆ ವರ್ಷವಿಡೀ ದುಡಿದ ಹಣ ಒಂದೇ ಬೆಳಗಿನಲ್ಲಿ ಕೈಬಿಡುವ ವ್ಯವಹಾರ ಇದು. ಆದ್ದರಿಂದ ಸದಸ್ಯ ಬಾಂಧವರ ಮುಂದೆ ನಾಲ್ಕು ಮಾತು ಇಡುತ್ತಿದ್ದೇವೆ.

ನಾವೂ ಒಮ್ಮೆ ಮೋಸಹೋದವರೇ. ಹೊಸ ಬಣ್ಣ, ಹೊಸ ಸೀಟು ಕಂಡು ಮರುಳಾಗಿ, ಚಾಸಿಯ ಅಡಿಗೆ ಬಗ್ಗಿ ನೋಡದೆ ಒಂದು ಜೀಪು ತಂದೆವು. ಬೇಸಿಗೆಯೆಲ್ಲ ಚೆನ್ನಾಗಿಯೇ ಓಡಿತು. ಆಷಾಢದ ಒಂದು ರಾತ್ರಿ ನೆರೆಮನೆಯ ಅಜ್ಜಿಗೆ ಉಬ್ಬಸ ಹೆಚ್ಚಾಗಿ ಕೂರಿಸಿಕೊಂಡು ಹೊರಟರೆ, ತೋಟದ ಚಡಾವಿನ ಅರ್ಧದಲ್ಲಿ ಕ್ಲಚ್ಚು ಸುಟ್ಟ ವಾಸನೆ ಬಂದು ಗಾಡಿ ನಿಂತೇಹೋಯಿತು. ಆ ಮಳೆಯಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಟಾರು ರಸ್ತೆಯವರೆಗೆ ಹೊತ್ತೆವು. ದೇವರ ದಯೆ, ಅಜ್ಜಿ ಉಳಿದರು. ಆ ಚಡಾವು ಹತ್ತುವಾಗ ಕಲಿತ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ದಾರಿ ನೋಡಿ

ಗಾಡಿ ನೋಡುವ ಮೊದಲು ನಿಮ್ಮ ಮನೆಯ ದಾರಿಯನ್ನು ಜುಲೈ ತಿಂಗಳಲ್ಲಿ ನೆನಪಿಸಿಕೊಳ್ಳಿ. ಕೆಸರಿನ ಕಡಿದಾದ ಏರು ಇದ್ದರೆ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು. ಜಲ್ಲಿ ಹಾಕಿದ ದಾರಿ, ಒಂದೆರಡು ಗುಂಡಿ ಎಂದಾದರೆ ಎರಡು ಚಕ್ರದ ಶಕ್ತಿ ಸಾಕು. ಫೋರ್‌ವೀಲ್ ಗಾಡಿಗೆ ಬೆಲೆಯೂ ಹೆಚ್ಚು, ಮುಂದೆ ಕೆಟ್ಟರೆ ಖರ್ಚೂ ಹೆಚ್ಚು. ಉಳಿಯುವ ಹಣದಲ್ಲಿ ದಾರಿಗೆ ಎರಡು ಲೋಡು ಜಲ್ಲಿ ಹೊಡೆಸುವುದು ಎಷ್ಟೋ ವೇಳೆ ಜಾಣತನ.

ಯಾವ ಗಾಡಿ?

೨೦೦೦ನೇ ಇಸವಿಯಲ್ಲಿ ಬಂದ ಬೊಲೆರೊ ನಮ್ಮ ಕಡೆ ಮನೆಮಾತು. ಹಿಂದೆ ಪಟ್ಟಿ ಸ್ಪ್ರಿಂಗು, ಗಟ್ಟಿ ಚಾಸಿ. ಕುಲುಕಾಟ ಉಂಟು, ಆದರೆ ಭಾರ ತಡೆಯುತ್ತದೆ. ಸಾಮಾನ್ಯವಾಗಿ ಇದು ಹಿಂಚಕ್ರದ ಶಕ್ತಿಯ ಗಾಡಿ. ೧೯೮೫ರಲ್ಲಿ ಬಂದ ಜಿಪ್ಸಿ ಹಗುರ, ಕೆಸರಿಗೆ ಹೇಳಿ ಮಾಡಿಸಿದ್ದು; ಆದರೆ ಪೆಟ್ರೋಲು ಗಾಡಿ, ೨೦೧೯ರಿಂದೀಚೆಗೆ ಸಾರ್ವಜನಿಕರಿಗೆ ಹೊಸದು ಸಿಗುತ್ತಿಲ್ಲ. ೨೦೧೦ರಿಂದ ೨೦೨೦ರವರೆಗಿನ ಹಳೆಯ ಥಾರ್ ಏರಿಗೆ ಬಲಶಾಲಿ, ಕುಟುಂಬಕ್ಕೆ ಇಕ್ಕಟ್ಟು. ೨೦೧೬ರ ಬ್ರೆಝಾದಂಥವು ಮುಂಚಕ್ರದ ಶಕ್ತಿಯವು. ಪೇಟೆಗೂ ಸೈ, ಜಲ್ಲಿ ದಾರಿಗೂ ಸೈ, ಜಾರುವ ಏರಿಗೆ ಮಾತ್ರ ನೆಚ್ಚುವಂತಿಲ್ಲ. ಇಕೋಸ್ಪೋರ್ಟ್ ಅಗ್ಗಕ್ಕೆ ಸಿಗಬಹುದು. ಆದರೆ ಅದರ ಕಂಪನಿ ೨೦೨೧ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿದ್ದನ್ನು ಮರೆಯಬಾರದು. ಕೊಳ್ಳುವ ಮೊದಲು ನಿಮ್ಮ ಹೋಬಳಿಯ ಮೇಸ್ತ್ರಿಯನ್ನು ಒಂದು ಮಾತು ಕೇಳಿ: "ಇದರ ಸಾಮಾನು ನಿನಗೆ ಎಷ್ಟು ದಿನದಲ್ಲಿ ಸಿಗುತ್ತದೆ?" ಅವನ ಉತ್ತರಕ್ಕೆ ಜಾಹೀರಾತಿಗಿಂತ ಬೆಲೆ ಹೆಚ್ಚು.

ಡೀಸೆಲ್ ಗಾಡಿಯ ವಿಷಯದಲ್ಲಿ ಇನ್ನೊಂದು ಮಾತು. ೨೦೨೦ರ ಏಪ್ರಿಲ್ ಒಂದರಿಂದ ಬಿಎಸ್-೬ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಗೆ ಮಸಿ ಹಿಡಿಯುವ ಸೋಸುಕ ಸೇರಿತು. ಅದರ ಮಸಿ ಸುಟ್ಟುಹೋಗಬೇಕಾದರೆ ಆಗಾಗ ದೂರದ, ವೇಗದ ಓಟ ಬೇಕು. ದಿನವೂ ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರು ತೆವಳುವ ನಮ್ಮಂಥವರ ಕೈಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಓಡಾಟ ಕಡಿಮೆ ಇದ್ದವರು ಪೆಟ್ರೋಲನ್ನೋ ೨೦೨೦ಕ್ಕಿಂತ ಹಿಂದಿನ ಡೀಸೆಲನ್ನೋ ಯೋಚಿಸುವುದು ಲೇಸು.

ಬಣ್ಣ ನೋಡಬೇಡಿ, ಅಡಿ ನೋಡಿ

ಗೋಣಿ ಹಾಸಿ ಗಾಡಿಯ ಅಡಿಗೆ ಮಲಗಿ. ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಟಣ್ ಎಂದರೆ ಸರಿ, ಪುಡಿ ಉದುರಿದರೆ ಎದ್ದು ಬನ್ನಿ. ಕರಾವಳಿಯಲ್ಲಿ ಓಡಿದ ಗಾಡಿಗೆ ಉಪ್ಪುಗಾಳಿಯ ತುಕ್ಕು ಇರುತ್ತದೆ. ನಮ್ಮವರದೇ ಗಾಡಿಯಾದರೆ ಹಿಂದಿನ ಮ್ಯಾಟು ಎತ್ತಿ ನೋಡಿ: ಮೈಲುತುತ್ತದ ನೀರು, ಪೊಟ್ಯಾಷ್ ಚೀಲದಿಂದ ಸೋರಿದ ಪುಡಿ ತಗಡನ್ನು ಒಳಗೊಳಗೇ ತಿಂದಿರುತ್ತದೆ.

ಇಂಜಿನು ತಣ್ಣಗಿರುವಾಗಲೇ ಸ್ಟಾರ್ಟು ಮಾಡಿಸಿ. ನೀವು ಹೋಗುವ ಮೊದಲೇ ಬಾನೆಟ್ಟು ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ತಿಳಿಯಿರಿ. ಬಿಡದೆ ಬರುವ ನೀಲಿ ಹೊಗೆ ಎಣ್ಣೆ ಸುಡುತ್ತಿದೆ ಎಂಬುದರ ಗುರುತು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಎಣ್ಣೆ ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ಕಂಡರೂ ಅದೇ ಅನುಮಾನ.

ಕೈಬ್ರೇಕು ಎಳೆದು ಮೂರನೇ ಗೇರಿಗೆ ಹಾಕಿ ಕ್ಲಚ್ಚು ನಿಧಾನವಾಗಿ ಬಿಡಿ. ಇಂಜಿನು ನಿಂತುಹೋಗಬೇಕು, ಓಡುತ್ತಲೇ ಇದ್ದರೆ ಕ್ಲಚ್ಚು ಸವೆದಿದೆ. ಇಷ್ಟು ಪರೀಕ್ಷೆ ಮಾಡಿದ್ದರೆ ನಾವು ಅಂದು ಅಜ್ಜಿಯನ್ನು ಹೊರಬೇಕಾಗುತ್ತಿರಲಿಲ್ಲ. ಥಾರ್, ಜಿಪ್ಸಿಯಂಥ ಗಾಡಿಯಲ್ಲಿ ಫೋರ್‌ವೀಲನ್ನು ಮಣ್ಣಿನ ದಾರಿಯಲ್ಲೇ ಹಾಕಿ ನೋಡಿ, ಒಣ ಟಾರಿನ ಮೇಲೆ ಬೇಡ. ಲೋ ಗೇರೂ ಬೀಳಬೇಕು, ಏರಿನಲ್ಲಿ ಹಾರಬಾರದು. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ: ೨೩೧೯ ಎಂದಿದ್ದರೆ ಅದು ೨೦೧೯ರ ೨೩ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ ಕಡಿಮೆ ಓಟ ತೋರಿಸಿ ಪೆಡಲಿನ ರಬ್ಬರು ಸವೆದಿದ್ದರೆ ರಬ್ಬರನ್ನು ನಂಬಿ.

ಕಾಗದಪತ್ರ

ಗಾಡಿಗಿಂತ ಮೊದಲು ಆರ್.ಸಿ. ನೋಡಿ. ಅದರಲ್ಲಿ ಬ್ಯಾಂಕಿನ ಹೆಸರು ಇದ್ದರೆ, ಸಾಲ ತೀರಿದ ಪತ್ರ ಮತ್ತು ನಮೂನೆ ೩೫ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ನಮೂನೆ ೨೯ ಮತ್ತು ೩೦ ಬೇಕು. ರಾಜ್ಯದೊಳಗಿನ ವ್ಯವಹಾರದಲ್ಲಿ ಮಾರಿದವರು ೧೪ ದಿನದೊಳಗೆ, ಕೊಂಡವರು ೩೦ ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನೂ ೧೪ ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ಸು ನಿಮಗೆ ಬರುವುದಿಲ್ಲ.

ಸ್ವಂತ ಬಳಕೆಯ ಗಾಡಿಯ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೊರರಾಜ್ಯದ ಗಾಡಿ ಅಗ್ಗವೆಂದು ತಂದರೆ, ೧೨ ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲು ಇಲ್ಲಿನ ನಂಬರು ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗ ಅಗ್ಗವಾಗಿ ಉಳಿಯದು.

ಮಾರುವ ಬಾಂಧವರಿಗೂ ಒಂದು ಮಾತು: ಬಿಳಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು ಸುಮ್ಮನಾಗಬೇಡಿ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಸ್ಪಷ್ಟಪಡಿಸಿದೆ.

ಹಣದ ಲೆಕ್ಕ

ಕೈಯಲ್ಲಿ ಐದು ಲಕ್ಷ ಇದೆ ಎಂದಿಟ್ಟುಕೊಳ್ಳಿ. ಗಾಡಿಗೆ ನಾಲ್ಕೇ ಲಕ್ಷ. ಉಳಿದದ್ದು ಟೈರು, ಬ್ಯಾಟರಿ, ಕ್ಲಚ್ಚು, ವರ್ಗಾವಣೆ, ವಿಮೆಗೆ. ಮೊದಲ ವರ್ಷ ಯಾವ ಹಳೆಯ ಗಾಡಿಯೂ ಈ ಕಪ್ಪ ಕೇಳದೆ ಬಿಡುವುದಿಲ್ಲ. ಗೊಬ್ಬರಕ್ಕೂ ಔಷಧಿಗೂ ತೆಗೆದಿಟ್ಟ ಹಣಕ್ಕೆ ಮಾತ್ರ ಕೈ ಹಾಕಬಾರದು. ಕೊಳೆರೋಗಕ್ಕೆ ಹೊಡೆಯಬೇಕಾದ ಔಷಧಿಯನ್ನು ಒಂದು ಸಲ ತಪ್ಪಿಸಿದರೆ ಆಗುವ ನಷ್ಟ ಯಾವ ಗಾಡಿಯ ಅನುಕೂಲದಿಂದಲೂ ತುಂಬುವುದಿಲ್ಲ.

ಮನಸ್ಸಿಗೆ ಒಪ್ಪುವ ಗಾಡಿ ಈ ಬೇಸಿಗೆಯಲ್ಲಿ ಸಿಗದಿದ್ದರೆ ಕಾಯಿರಿ. ಮಳೆಗಾಲ ಮುಗಿಯುವ ಹೊತ್ತಿಗೆ ನೋಡಿದರೆ ಸೋರಿಕೆ, ತುಕ್ಕು, ಏರು ಹತ್ತುವ ಶಕ್ತಿ ಎಲ್ಲವೂ ತಾವಾಗಿಯೇ ಬಯಲಾಗುತ್ತವೆ. ಅಲ್ಲಿಯವರೆಗೆ ಅಕ್ಕಪಕ್ಕದವರ ಗಾಡಿಗೆ ಡೀಸೆಲ್ ಹಾಕಿಸಿ ಕೆಲಸ ನಡೆಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಸಹಕಾರ ಎಂದರೆ ಅದೇ ಅಲ್ಲವೇ?